ಸೋಮವಾರ ಸೂಟಿ ಪಡೆಯುವ ಕಂಪ್ಯೂಟರು

“ಅವ್ವಾ, ಹುಲಗೇಶ ಮಾಮಾನ ಕಂಪ್ಯೂಟರಿಗೆ ಸೋಮವಾರ ಸೂಟಿ ಯಾಕ?”

ನೀಲಾ ಕೇಳಿದ್ದು ನಿನ್ನೆ, ಅವನ ಅಂಗಡಿಯ ಮುಂದೆ ಹಾದು ಬರುವಾಗ. ಮೇಜಿನ ಮೇಲೆ ಹಳೆಯ ಧೋತರ ಹೊದ್ದು ಕಂಪ್ಯೂಟರು ಸುಮ್ಮನೆ ಕುಳಿತಿತ್ತು. “ಎತ್ತಿಗೆ ಸೋಮವಾರ ಸೂಟಿ ಇರತೈತಲ್ಲ, ಹಂಗ” ಎಂದೆ. ಐದು ವರ್ಷದ ಮಗಳಿಗೆ ಅಷ್ಟು ಸಾಕಾಯಿತು. ನನಗೆ ಮಾತ್ರ ಆ ಸೂಟಿ ಇವತ್ತಿನ ಮಂಗಳವಾರವನ್ನೆಲ್ಲ ತಿಂದುಹಾಕಿತು.

ಹುಲಗೇಶಣ್ಣನದು ಒಕ್ಕಲುತನದ ಮನೆ, ಸೋಮವಾರ ಎತ್ತು ಹೂಡುವುದಿಲ್ಲ; ಆ ರೂಢಿಯನ್ನೇ ಕಂಪ್ಯೂಟರಿಗೂ ತಂದಿದ್ದಾನೆ. ಅಕ್ಕಿಆಲೂರಿನ ಬಸ್ ನಿಲ್ದಾಣದ ಹಿಂದೆ ಒಂದು ಖೋಲಿಯಲ್ಲಿ ಅರ್ಜಿ ಬರೆದುಕೊಡುತ್ತಾನೆ. ಶಿಗ್ಗಾಂವಿಯ ಮೇಷ್ಟ್ರೊಬ್ಬರು ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಟ್ಟಿದ್ದಾರೆ. ಸೋಮವಾರ ಬರುತ್ತಾನೆ, ಕಸ ಹೊಡೆಯುತ್ತಾನೆ, ಸ್ವಿಚ್ಚು ಆರಿಸಿ ಧೋತರ ಹೊದಿಸಿ ಹೋಗುತ್ತಾನೆ. “ಹಿಂಡಿ ಹಾಕಿದ್ಯೇನೋ ಅದಕ್ಕ?” ಎಂದು ಸಂತೆಗೆ ಬಂದವರು ಕೆಣಕಿದರೆ, “ಹಾಕೇನಿ, ಸೆಗಣಿ ನೀ ಬಳಕೊಂಡು ಹೋಗು” ಎನ್ನುತ್ತಾನೆ.

ಇವತ್ತು ಬೆಳಿಗ್ಗೆ ಅವನ ಫೋನಿನಲ್ಲಿ ನಗು ಇರಲಿಲ್ಲ. “ಅಕ್ಕಾರ, ಲಗೂ ಬರ್ರಿ. ಪರದೆ ಮ್ಯಾಗ ಬರೇ ಬಿಳಿ ಅಕ್ಷರ ಅದಾವು.”

ನಾನು ಕಂಪ್ಯೂಟರ್ ಡಿಪ್ಲೊಮಾ ಮಾಡಿದವಳು. ನೀಲಾ ಹುಟ್ಟಿದ ಮೇಲೆ ಆ ಕೆಲಸ ಕೈಬಿಟ್ಟೆ. ಒಲೆಯ ಮೇಲಿನ ಬೇಳೆ ಇಳಿಸಿ, ಅವಳನ್ನು ಎತ್ತಿಕೊಂಡು ಓಡಿದೆ.

ನಾಳೆ ಹಾನಗಲ್ಲಿನ ತಹಸೀಲ್ದಾರ್ ಕಚೇರಿಯಲ್ಲಿ ಹುಲಗೇಶಣ್ಣನ ಹೊಲದ ದಾರಿಯ ವಿಚಾರಣೆ. ಪಕ್ಕದ ಹೊಲದವರು ಬೇಲಿ ಹಾಕಿ ದಾರಿ ಮುಚ್ಚಿದ್ದಾರೆ. ಆ ದಾರಿ ಎಲ್ಲಿಂದ ಎಲ್ಲಿಗೆ ಹೋಗುತ್ತಿತ್ತು, ಯಾವ ಹುಣಸೆಮರದ ಹತ್ತಿರ ತಿರುಗುತ್ತಿತ್ತು ಎಂದು ಕಂಡು ಹೇಳಬಲ್ಲವನು ಅವನಪ್ಪ ಹುಚ್ಚಪ್ಪಜ್ಜ ಒಬ್ಬನೇ. ಅಜ್ಜ ಹೇಳುತ್ತ ಹೋದದ್ದನ್ನು ಮಗ ಹನ್ನೊಂದು ಪುಟ ಟೈಪು ಮಾಡಿದ. ಆಮೇಲೆ ಅಜ್ಜನಿಗೆ ಲಕ್ವಾ ಹೊಡೆದು ಮಾತು ನಿಂತಿತು. ಕಿವಿ, ಬುದ್ಧಿ ಚುರುಕಾಗಿವೆ. ಮತ್ತೊಮ್ಮೆ ಹೇಳುವ ಬಾಯಿ ಇಲ್ಲ.

“ಪ್ರಿಂಟ್ ಯಾಕ ತಗದಿಟ್ಟಿಲ್ಲಣ್ಣ?”

“ಪ್ರಿಂಟರ್ ಮುನಿಸಿಕೊಂಡಿತ್ರಿ. ಎಲ್ಲಾ ಅಪ್‌ಗ್ರೇಡ್ ಮಾಡು, ಸರಿಹೋಗ್ತದ ಅಂದ್ರು ಮೇಷ್ಟ್ರು. ಭಾನುವಾರ ಸಂಜಿಗೆ ಹಚ್ಚಿದ್ದೆ. ಮೊಬೈಲ್ ನೆಟ್ಟು, ನಿಧಾನ. ನಿನ್ನೆ ಬೆಳಿಗ್ಗೆ ಬಂದಾಗ ಇನ್ನೂ ಓಡಾಕತ್ತಿತ್ತು.”

“ಆಮ್ಯಾಲ?”

“ಸೋಮವಾರ ಅಲ್ರಿ. ಕೈ ತಾನ ಸ್ವಿಚ್ಚಿಗೆ ಹೋತು.”

ಬೈಯಬೇಕೆಂದಿದ್ದೆ. ಅವನ ಮುಖ ನೋಡಿ ಕೀಬೋರ್ಡನ್ನು ನನ್ನ ಕಡೆ ಎಳೆದುಕೊಂಡೆ.

ಆಗ ಹನ್ನೊಂದೂವರೆ. ಒಂದಕ್ಕೆ ಕರೆಂಟು ಹೋಗುತ್ತದೆ. ಅವನ ಯುಪಿಎಸ್ ತಡೆಯುವುದು ಹತ್ತೇ ನಿಮಿಷ. ನೀಲಾ ಮೇಜಿನ ಕೆಳಗೆ ಚುರುಮುರಿ ಹರಡಿಕೊಂಡು ಕುಳಿತಳು. ರಿಪೇರಿಗೆಂದೇ ಇರುವ ದಾರಿಯಿಂದ ಯಂತ್ರದ ಒಳಹೊಕ್ಕೆ. ಮೊದಲು ಕಡತವನ್ನು ಪೆನ್‌ಡ್ರೈವಿಗೆ ಎತ್ತಿಕೊಳ್ಳೋಣವೆಂದರೆ ಜನರ ಆಧಾರ್ ಪ್ರತಿಗಳಿವೆಯೆಂದು ಮೇಷ್ಟ್ರು ಅವನ ಫೋಲ್ಡರಿಗೆಲ್ಲ ಬೀಗ ಹಾಕಿದ್ದರು. ಯಂತ್ರ ಪೂರ್ತಿ ಎದ್ದು, ಅವನೇ ಪಾಸ್‌ವರ್ಡ್ ಹಾಕುವವರೆಗೂ ಅದು ತೆರೆಯದು.

ಅಪ್‌ಗ್ರೇಡಿನಲ್ಲಿ ಅರ್ಧಕ್ಕೆ ನಿಂತ ಪ್ಯಾಕೇಜುಗಳನ್ನು ಪೂರ್ತಿ ಮಾಡು ಎಂದು ಆಜ್ಞೆ ಕೊಟ್ಟೆ. ಸಾಲುಗಳು ಸರಸರ ಓಡಿದವು, ತಟ್ಟನೆ ನಿಂತವು: ಜಾಗವಿಲ್ಲ. ನೋಡಿದರೆ, ಯಂತ್ರವನ್ನು ಎಬ್ಬಿಸುವ ಕರ್ನೆಲ್ಲುಗಳು ಪ್ರತಿ ಅಪ್‌ಗ್ರೇಡಿಗೂ ಒಂದೊಂದು ಬಂದು ಕುಳಿತಿದ್ದವು. ಹಳೆಯದು ಒಂದೂ ಎದ್ದು ಹೋಗಿರಲಿಲ್ಲ.

“ಹಳೇವು ಎರಡು ತಗೀಬೇಕಣ್ಣ.”

“ಅಪ್ಪನ ಮಾತೂ ಕೂಡ ಹೋದ್ರ?”

“ಅದು ಬ್ಯಾರೆ ಕಡೆ ಐತ್ರಿ. ಹೋಗಂಗಿಲ್ಲ.” ಹಾಗೆಂದೆ, ಆದರೂ ಕರ್ನೆಲ್ಲುಗಳ ಅಂಕಿಗಳನ್ನು ಮೂರು ಸಲ ಬೆರಳಿಟ್ಟು ಓದಿಯೇ ಅಳಿಸಿದೆ. ಮತ್ತೆ ಆಜ್ಞೆ. ಮತ್ತೆ ಸಾಲುಗಳು. ಹುಲಗೇಶಣ್ಣ ಬಾಗಿಲಿಗೆ ಹೋದ, ಬಂದ, ಹೋದ.

“ಮಾಮಾ, ನಿಂತ ನೋಡು, ನನ್ನ ಚುರುಮುರಿ ತುಳಿದಿ!”

ಒಂದು ಗಂಟೆ ಆಗುವ ಮೊದಲೇ ಕರೆಂಟು ಹೋಯಿತು. ಯುಪಿಎಸ್ ಕೂಗತೊಡಗಿತು.

“ಇನ್ನ ಎಷ್ಟು ಐತ್ರಿ?”

“ಕೇಳಬ್ಯಾಡ್ರಿ.”

ಕೊನೆಯ ಸಾಲು ಮುಗಿದದ್ದೇ ಯಂತ್ರವನ್ನು ಆರಿಸಿ ಹಚ್ಚಿದೆ. ಪಾಸ್‌ವರ್ಡನ್ನು ಅವನು ಎರಡು ಸಲ ತಪ್ಪು ಹಾಕಿದ. ಮೂರನೆಯದಕ್ಕೆ ತೆರೆಯಿತು. ‘ಅಪ್ಪನ ಹೇಳಿಕೆ’, ಹನ್ನೊಂದೂ ಪುಟ. ಪೆನ್‌ಡ್ರೈವಿಗೆ ಇಳಿದ ಮೇಲೆಯೇ ನನ್ನ ಉಸಿರು ನೆಟ್ಟಗಾಯಿತು.

ಸಂಜೆ ಕರೆಂಟು ಬಂದು ಪ್ರಿಂಟರ್ ಕಾಗದ ಉಗುಳಿದೊಡನೆ ಅವನು ಓಡುತ್ತಲೇ ನಮ್ಮ ಮನೆಗೆ ಬಂದ. ಕುಳಿತುಕೊಳ್ಳಿ ಎಂದರೆ ಕೂರಲಿಲ್ಲ. ಕಾಗದಗಳು ಇನ್ನೂ ಬೆಚ್ಚಗಿದ್ದವು.

“ಅಕ್ಕಾರ, ಇನ್ನೊಂದು ಉಪಕಾರ ಆಗಬೇಕ್ರಿ. ಅಪ್ಪ ಹೆಬ್ಬೆಟ್ಟು ಒತ್ತೂಕಿಂತ ಮೊದಲ ಇದನ್ನ ಯಾರರ ಓದಿ ಹೇಳಬೇಕು. ನಾ ಓದಿದ್ರ, ಮಗಾ ತನಗ ಬೇಕಾದಂಗ ಓದ್ಯಾನ ಅಂತಾರ ನಾಳೆ ಬೇಲಿ ಹಾಕಿದವರು. ಓಣ್ಯಾಗಿನ ನಾಕ ಮಂದೀನ ಸಾಕ್ಷಿಗೆ ಕೂಡಿಸೇನಿ. ನೀವ ಬಂದು ಓದ್ರಿ. ಸಾವಕಾಶ ಓದ್ರಿ, ತಪ್ಪಿದ್ರ ಅಪ್ಪ ಕೈ ಎತ್ತತಾನ.”