ಮಳವಳ್ಳಿಯಿಂದ ತಂದ ಸೀಸೆ

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ, ಬೆಳಗಿನ ಪ್ಯಾಸೆಂಜರ್ ರೈಲು ಹಿಡಿದು ಮೈಸೂರಿನಿಂದ ಮಂಡ್ಯಕ್ಕೆ ಹೊರಟೆ. ಕೈಯಲ್ಲಿ ತಗಡಿನ ಪೆಟ್ಟಿಗೆ, ಅದರೊಳಗೆ ಎರಡು ಖಾಲಿ ಸೀಸೆ, ಸುತ್ತ ಮರದ ಹೊಟ್ಟು. ಔಷಧಿ ದೇಹದೊಳಗೆ ಹೋಗಿ ಏನಾಗಿ ಬದಲಾಗುತ್ತದೆ ಎಂದು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ನನಗೆ ಕೆಲಸ. ಮಳವಳ್ಳಿಯ ಪಂಪ್‌ಸೆಟ್ ಮೆಕ್ಯಾನಿಕ್ ಗಫಾರ್ ಸಾಬರ ಮೂತ್ರ ತರಬೇಕಿತ್ತು.

ಅವರಿಗೆ ಕ್ಷಯ. ಅವರ ಅಕ್ಕನಿಗೂ ಅದೇ ಕಾಯಿಲೆ ಬಂದಿತ್ತು. ಗುಳಿಗೆ ಶುರುಮಾಡಿದ ಎರಡೇ ತಿಂಗಳಲ್ಲಿ ಆಕೆ ಕಣ್ಣು ಹಳದಿಯಾಗಿ ತೀರಿಕೊಂಡಿದ್ದರು. ಈಗ ತಮ್ಮನಿಗೂ ಅದೇ ಗುಳಿಗೆ ಬರೆದರೆ ಆತ ಮುಟ್ಟಲೊಲ್ಲ. ಕೆಮ್ಮಿನಲ್ಲಿ ರಕ್ತ ಬೀಳುತ್ತಿತ್ತು.

ಮಂಡ್ಯದಲ್ಲಿ ವೈದ್ಯರ ಚೀಟಿ ಪಡೆದು, ಪೆಟ್ಟಿಗೆಗೆ ಐಸು ತುಂಬಿಸಿಕೊಂಡು ಮಳವಳ್ಳಿ ಬಸ್ಸು ಹತ್ತಿದೆ. ಗಫಾರ್ ಸಾಬರು ಅಂಗಡಿಯಲ್ಲಿ ಮೋಟಾರು ಬಿಚ್ಚಿಕೊಂಡು ಕೂತಿದ್ದರು.

"ನಮ್ಮಕ್ಕನ್ನ ತಿಂದ ಗುಳಿಗೆ ನಂಗೂ ತಿನ್ಸಕ್ ಬಂದ್ರಾ ಮೇಡಮ್ಮೋರೆ?"

"ಒಂದೇ ಒಂದು. ಆಮೇಲಿನ ಆರು ತಾಸಿನ ಮೂತ್ರವೆಲ್ಲ ಬೇಕು."

"ಅದ್ರಾಗೆ ಇಸ ಕಾಣ್ತದಾ?"

ನಿಜವನ್ನೇ ಹೇಳಿದೆ. ವಿಷ ಕಾಣುವುದಿಲ್ಲ. ಗುಳಿಗೆಯನ್ನು ಯಕೃತ್ತು ಬದಲಾಯಿಸುವಾಗ ಹುಟ್ಟುವ ಕೆಟ್ಟ ಚೂರು ಅಲ್ಲೇ ಅಂಟಿಕೊಂಡು ಸುಡುತ್ತದೆ, ಹಿಡಿಯಲು ಸಿಗುವುದಿಲ್ಲ. ಅದಕ್ಕೂ ಮೊದಲಿನ ರೂಪ ಮೂತ್ರದಲ್ಲಿ ಇಳಿಯುತ್ತದೆ. ಅದು ಎಷ್ಟಿದೆ ಎಂದು ಅಳೆದರೆ ಅಪಾಯದ ಅಂದಾಜು ಸಿಗಬಹುದು, ಅಷ್ಟೇ.

ಬಾಗಿಲ ಹಿಂದೆ ನಿಂತಿದ್ದ ಅವರ ಹೆಂಡತಿ ಫಾತಿಮಾ, "ನುಂಗಿ ಅತ್ಲಾಗೆ. ಸುಮ್ನೆ ಕೆಮ್ಕೊಂಡ್ ಕೂತ್ರೆ ಉಳೀತೀರಾ?" ಎಂದರು. ಗಫಾರ್ ಸಾಬರು ನೀರಿನ ಲೋಟ ತೆಗೆದುಕೊಂಡು ಗುಳಿಗೆ ನುಂಗಿದರು.

ಆರು ತಾಸು ಅಲ್ಲೇ ಕಾದೆ. ಫಾತಿಮಾ ಮಧ್ಯಾಹ್ನ ಮುದ್ದೆ, ಹುರುಳಿಕಾಳಿನ ಸಾರು ಬಡಿಸಿದರು. ಸೀಸೆ ತುಂಬಿ, ನಾನು ಅದಕ್ಕೆ ಕೆಡದಂತೆ ಆಮ್ಲದ ಹನಿ ಹಾಕಿ ಬಿಗಿಮಾಡುವ ಹೊತ್ತಿಗೆ ಮಂಡ್ಯದ ಬಸ್ಸು ಹೋಗಿಬಿಟ್ಟಿತ್ತು. ಮದ್ದೂರಿನ ಬಸ್ಸು ಹತ್ತಿದೆ. ಅದು ದಾರಿಯಲ್ಲಿ ಪಂಕ್ಚರ್ ಆಯಿತು. ಬಿಸಿಲಲ್ಲಿ ಮುಕ್ಕಾಲು ಗಂಟೆ ನಿಂತೆವು. ಪೆಟ್ಟಿಗೆಯ ಮೂಲೆಯಿಂದ ನೀರು ತೊಟ್ಟಿಕ್ಕತೊಡಗಿತು. ಸೀಸೆ ಬೆಚ್ಚಗಾದರೆ ಇಡೀ ದಿನ ವ್ಯರ್ಥ. ಇನ್ನೊಮ್ಮೆ ಗುಳಿಗೆ ನುಂಗಿ ಎಂದು ಆತನನ್ನು ಕೇಳುವ ಮುಖ ನನಗಿರಲಿಲ್ಲ.

ಮದ್ದೂರಿನಲ್ಲಿ ಇಳಿದವಳೇ ಕಬ್ಬಿನ ಹಾಲಿನ ಅಂಗಡಿಗೆ ಓಡಿದೆ. "ಐಸು ಬೇಕು, ಇರೋದೆಲ್ಲ ಕೊಡಿ."

"ಎಲ್ಲಾ ಕೊಟ್ರೆ ನಾನೇನ್ ಯಾಪಾರ ಮಾಡ್ಲಿ ತಾಯಿ? ಏನೈತೆ ಅದ್ರಲ್ಲಿ?" ಎಂದ ಅಂಗಡಿಯವ.

"ಕ್ಷಯ ಇರೋರೊಬ್ಬರ ಮೂತ್ರ."

ಆತ ಎರಡು ಹೆಜ್ಜೆ ಹಿಂದೆ ಸರಿದ. ಪರೀಕ್ಷೆಗೆ, ಒಬ್ಬರ ಜೀವದ ಪ್ರಶ್ನೆ ಎಂದೆ. ಆತ ಗೋಣಿಯಿಂದ ಐಸಿನ ಗಡ್ಡೆ ಎಳೆದು ಸುತ್ತಿಗೆಯಿಂದ ಒಡೆದ. "ಪೆಟ್ಗೆ ನೀವೇ ತೆಗೀರಿ, ನಾನ್ ಮುಟ್ಟಕಿಲ್ಲ. ದುಡ್ಡು ಬ್ಯಾಡ, ಓಗಿ, ರೈಲು ಬತ್ತದೆ."

ಹನಕೆರೆ, ಮಂಡ್ಯ ದಾಟಿ ಮೈಸೂರು ಮುಟ್ಟುವವರೆಗೂ ಪೆಟ್ಟಿಗೆ ನನ್ನ ತೊಡೆಯ ಮೇಲೇ ಇತ್ತು. ಸೀರೆ ಒದ್ದೆಯಾಗಿತ್ತು. ಸೀಸೆ ತಣ್ಣಗಿತ್ತು.

ಮರುದಿನ ಪರೀಕ್ಷೆ ಮಾಡಿದೆ. ಕೆಟ್ಟ ಚೂರಿಗೂ ಮೊದಲಿನ ಆ ರೂಪ ಹೆಚ್ಚೇ ಇತ್ತು. ನಾವು ಅಂಜಿದ್ದೂ ಅದಕ್ಕೇ. ಆದರೆ ಗುಳಿಗೆ ಬೇಡವೆಂದರೆ ಕ್ಷಯ ಬಿಡುತ್ತದೆಯೇ? ವೈದ್ಯರೊಡನೆ ಚರ್ಚಿಸಿ, ಮರುವಾರ ನಾನೇ ಮಳವಳ್ಳಿಗೆ ಹೋದೆ.

"ಅಪಾಯ ಇರಬಹುದು," ಎಂದೆ. "ಗುಳಿಗೆ ಶುರುಮಾಡಿ, ಹದಿನೈದು ದಿನಕ್ಕೊಮ್ಮೆ ಮಂಡ್ಯದಲ್ಲಿ ರಕ್ತ ಕೊಡಿ. ಯಕೃತ್ತು ಕೆಡೋ ಸುಳಿವು ಸಿಕ್ಕ ದಿನವೇ ನಿಲ್ಲಿಸ್ತಾರೆ."

"ನಮ್ಮಕ್ಕಂಗೆ ಯಾರೂ ಇಂಗೆ ನೋಡ್ನಿಲ್ಲ," ಎಂದರು ಗಫಾರ್ ಸಾಬರು. ಆಮೇಲೆ ಕೈಯ ಗ್ರೀಸು ಒರೆಸಿಕೊಂಡು, ನನ್ನೆದುರೇ ಚಿಕಿತ್ಸೆಯ ಮೊದಲ ಗುಳಿಗೆ ನುಂಗಿದರು.

ಒಂದೂವರೆ ವರ್ಷ ತಾವಾಗಿ ಒಂದು ದಿನವೂ ತಪ್ಪಿಸಲಿಲ್ಲ. ನಡುವೆ ಒಮ್ಮೆ ರಕ್ತದಲ್ಲಿ ಸುಳಿವು ಕಂಡು ವೈದ್ಯರೇ ಮೂರು ವಾರ ನಿಲ್ಲಿಸಿ, ಕಡಿಮೆ ಪ್ರಮಾಣದಲ್ಲಿ ಮತ್ತೆ ಶುರುಮಾಡಿದರು. ಕಾಯಿಲೆ ಬಿಟ್ಟಿತು. ಆ ಮೊದಲ ಗುಳಿಗೆಯ ದಿನ ನನ್ನ ಬಸ್ಸು ತಿರುಗುವಾಗ ಕಿಟಕಿಯಿಂದ ನೋಡಿದ್ದೆ: ಫಾತಿಮಾ ಗುಳಿಗೆಯ ಪೊಟ್ಟಣವನ್ನು ಅಂಗಡಿ ಗೋಡೆಯ ಗಡಿಯಾರದ ಪಕ್ಕದ ಮೊಳೆಗೆ ನೇತುಹಾಕುತ್ತಿದ್ದರು.