ಹಾಜರಿಯಲ್ಲಿ ಕೋಳಿ, ಎಮ್ಮೆ, ಎತ್ತು

ಮೊನ್ನೆ ಕೊಳ್ಳೇಗಾಲದ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸಿನ ಚೀಲದೊಳಗೆ ಬೇವಿನೆಣ್ಣೆಯ ಸೀಸೆ ಸೋರಿತು. ಬಸ್ಸಿಗೆ ಬಸ್ಸೇ ಮೂಗು ಮುಚ್ಚಿಕೊಂಡಿತು. "ದನದ ಗಾಯಕ್ಕೆ ತಕಂಡ್ ಓಯ್ತಿದ್ದೆ ಕಣವ್ವ, ಬೇಜಾರ್ ಮಾಡ್ಕಬ್ಯಾಡ" ಅಂದರು ಆಕೆ. ನನಗೇಕೆ ಬೇಜಾರು? ಇನ್ನಷ್ಟು ಹತ್ತಿರ ಸರಿದು ಕೂತೆ. ಆ ಕಹಿ ವಾಸನೆ ನನ್ನನ್ನು ನಾಲ್ಕನೇ ಕ್ಲಾಸಿಗೆ, ನಮ್ಮ ಮಿಸ್ಸಿನ ಎದುರಿಗೆ ತಂದು ನಿಲ್ಲಿಸಿತ್ತು...

ಕುಂತೂರಿನ ಸಕ್ಕರೆ ಫ್ಯಾಕ್ಟರಿಗೆ ಕಬ್ಬು ಹಾಕುವ ಊರು ನಮ್ಮದು. ಮಿಸ್ಸು ದಿನಾ ಯಳಂದೂರಿನಿಂದ ಬರುತ್ತಿದ್ದರು. ಶಾಲೆಯ ಗೋಡೆಯ ಮೇಲೆ 'ಪ್ರಾಣಿಗಳಲ್ಲಿ ದಯೆ ಇರಲಿ' ಎಂದು ದಪ್ಪ ಅಕ್ಷರದಲ್ಲಿ ಬರೆಸಿದ್ದರು. ಅದರ ಕೆಳಗೇ ನಿಂತು ನಾವು ಏರೋಪ್ಲೇನ್ ಚಿಟ್ಟೆಯ ಬಾಲಕ್ಕೆ ದಾರ ಕಟ್ಟಿ ಹಾರಿಸುತ್ತಿದ್ದೆವು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಮಿಸ್ಸು ನಮ್ಮನ್ನು ಬೈಯಲಿಲ್ಲ, ದಯೆಯ ಬಗ್ಗೆ ಭಾಷಣವನ್ನೂ ಮಾಡಲಿಲ್ಲ. ಹಾಜರಿ ಕೂಗುವ ರೀತಿಯನ್ನು ಬದಲಿಸಿದರು, ಅಷ್ಟೇ.

ಅವರ ಕ್ಲಾಸಿನಲ್ಲಿ "ಎಸ್ ಮಿಸ್" ಅಂದರೆ ಹಾಜರಿ ಸಿಗುತ್ತಿರಲಿಲ್ಲ. ಮನೆಯ ಯಾವುದಾದರೂ ಪ್ರಾಣಿ ಆ ಬೆಳಿಗ್ಗೆ ಹೇಗಿತ್ತು ಎಂದು ಹೇಳಬೇಕಿತ್ತು. ಸುಮ್ಮನೆ "ಚೆನ್ನಾಗದೆ" ಅನ್ನುವಂತಿಲ್ಲ, ಕಣ್ಣಾರೆ ಕಂಡದ್ದನ್ನು ಹೇಳಬೇಕು. ಹಸು, ಎಮ್ಮೆ ಇಲ್ಲದವರಿಗೆ ಬೀದಿನಾಯಿ, ಅದೂ ಸಿಗದವರಿಗೆ ಸೂರಿನ ಹಲ್ಲಿ. ಒಬ್ಬ ಹುಡುಗ "ನಮ್ ಕೋಳಿ ಕಣ್ ಮುಚ್ಕಂಡು ಮಲ್ಗಿತ್ತು ಮಿಸ್" ಎಂದು ಬುರುಡೆ ಬಿಟ್ಟ.

"ರೆಪ್ಪೆ ಮೇಲಿಂದ ಮುಚ್ಚಿತ್ತಾ, ಕೆಳಗಿಂದನಾ?" ಅಂದರು ಮಿಸ್ಸು.

ಮಾರನೇ ದಿನ ಹುಡುಗ ಗೇಟಿನಿಂದಲೇ "ಕೆಳಗಿಂದ ಮಿಸ್, ಕೆಳಗಿಂದ!" ಎಂದು ಕೂಗುತ್ತಾ ಬಂದ. ಅದುವರೆಗೆ ಕೋಳಿ ಕಂಡರೆ ಕಲ್ಲೆತ್ತುತ್ತಿದ್ದವನು ಅವನೇ. ಅಷ್ಟು ಹತ್ತಿರ ಕೂತು ಅದರ ರೆಪ್ಪೆ ನೋಡಿದ ಮೇಲೆ ಕಲ್ಲೆತ್ತಲು ಅವನಿಗೆ ಆಗಲಿಲ್ಲವೋ ಏನೋ... ಎತ್ತಲಿಲ್ಲ ಅನ್ನುವುದಂತೂ ನನಗೆ ಗೊತ್ತು.

ಕಬ್ಬು ಕಟಾವಿನ ಕಾಲದಲ್ಲಿ ಒಂದು ದಿನ ನನ್ನ ಸರದಿ ಬಂದಾಗ ಹೇಳಿದೆ: "ನಮ್ ಬಿಳಿ ಎತ್ತು ಮುಂದಿನ ಬಲಗಾಲು ಊರ್ತಾ ಇಲ್ಲ ಮಿಸ್."

ಮಿಸ್ಸಿನ ಪೆನ್ನು ನಿಂತಿತು. "ಅಪ್ಪಂಗೆ ಹೇಳಿದ್ಯಾ?"

ಹೇಳಿರಲಿಲ್ಲ. ಗಾಡಿಗೆ ಕಟ್ಟುವ ಮೊದಲು ಅಪ್ಪ ಎತ್ತುಗಳಿಗೆ ಹೊಸ ಲಾಳ ಹೊಡೆಸಿದ್ದರು. ಲಾಳ ಹೊಸದಾದಾಗ ಎತ್ತು ಕುಂಟುವುದು ನಮ್ಮೂರಿನಲ್ಲಿ ಯಾರಿಗೂ ಸುದ್ದಿಯಲ್ಲ. ಫ್ಯಾಕ್ಟರಿಯಿಂದ ಕಟಾವಿನ ಆರ್ಡರ್ ಬಂದಿತ್ತು, ಕಬ್ಬು ಕಡಿದಾಗಿತ್ತು, ಸಂಜೆಗೆ ಗಾಡಿ ಹೊರಡಲೇಬೇಕು. ಅಂಥ ಹೊತ್ತಿನಲ್ಲಿ ಅಪ್ಪನ ಮುಂದೆ ನಿಂತು ಮಾತಾಡುವ ಧೈರ್ಯ ಯಾರಿಗಿದೆ? "ನೀವೇ ಬಂದು ಯೋಳಿ ಮಿಸ್" ಎಂದು ಬೇಡಿಕೊಂಡೆ.

"ನಾನು ಬಂದ್ರೆ ನಿಮ್ಮಪ್ಪ ನನ್ನ ಮುಖ ನೋಡ್ತಾರೆ. ನೀನು ಹೇಳಿದ್ರೆ ಎತ್ತಿನ ಕಾಲು ನೋಡ್ತಾರೆ" ಅಂದರು. ನನಗೆ ಸಿಟ್ಟೇ ಬಂತು. ಸಹಾಯ ಕೇಳಿದರೆ ಕೈ ತೊಳೆದುಕೊಂಡರಲ್ಲ ಅನ್ನಿಸಿತು.

ಮನೆಗೆ ಬಂದಾಗ ಗಾಡಿಯ ಮೇಲೆ ಕಬ್ಬು ಏರಿತ್ತು. ಅಪ್ಪ ನೊಗಕ್ಕೆ ಕೈ ಹಾಕಿದ್ದರು. ಹೇಳಿದೆ. "ಒಸ ಲಾಳ ಕಣಮ್ಮಿ, ಎಲ್ಡ್ ದಿನ ಅಂಗೇ. ಓಗು ಅತ್ಲಾಗೆ" ಅಂದರು. ನಾನು ಹೋಗಲಿಲ್ಲ. ಎತ್ತಿನ ಕಾಲಿಗೆ ಬೆರಳು ತೋರಿಸಿದೆ.

"ನಾಕು ಕಾಲ್ಗೂ ಒಸ ಲಾಳನೇ ಅಲ್ವಾ ಅಪ್ಪ? ಒಂದೇ ಕಾಲ್ ಯಾಕ್ ಎತ್ಕಂಡದೆ?"

ಅಪ್ಪ ನೊಗ ಬಿಟ್ಟರು. ಕೂತು ಆ ಕಾಲನ್ನು ತೊಡೆಯ ಮೇಲೆ ಎತ್ತಿಕೊಂಡರು. ಗೊರಸಿನ ಸೀಳಿನ ಒಳಗೆ, ಲಾಳಕ್ಕೆ ಸಂಬಂಧವೇ ಇಲ್ಲದ ಜಾಗದಲ್ಲಿ, ಕಡಿದ ಕಬ್ಬಿನ ಕೂಳೆಯ ಚೂಪಾದ ಸಿಬಿರು ನೆಟ್ಟು ಕೀವಾಗಿತ್ತು. ಅದನ್ನು ಕಿತ್ತಾಗ ಎತ್ತು ಮೈಯೆಲ್ಲ ಅದುರಿಸಿತು. ಬೇವಿನೆಣ್ಣೆಗೆ ಅರಿಶಿನ ಕಲಸಿ ಹಚ್ಚುತ್ತಾ ಅಪ್ಪ ನನ್ನ ಕಡೆ ನೋಡದೆ, "ಇದ್ನ ಕಟ್ಟಿದ್ರೆ ದಾರೀಲೇ ಬಿದ್ದೋಯ್ತಿತ್ತು. ಮತ್ತೆ ಏಳ್ತಿರ್ನಿಲ್ಲ" ಅಂದರು. ಆವತ್ತು ನಮ್ಮ ಕಬ್ಬು ಪಕ್ಕದ ಮನೆಯವರ ಟ್ರ್ಯಾಕ್ಟರಿನಲ್ಲಿ ಹೋಯಿತು.

ಮಾರನೇ ದಿನ ಹಾಜರಿಯಲ್ಲಿ ಇಡೀ ಕಥೆಯನ್ನು ಎದೆಯುಬ್ಬಿಸಿ ಹೇಳಿದೆ. ಶಭಾಷ್ ಬರುತ್ತದೆ ಎಂದು ಕಾದೆ. "ಸರಿ, ಇವತ್ತು ಮೇವು ತಿಂತಾ?" ಅಂದರು ಮಿಸ್ಸು. ಅಷ್ಟೇ! ಅವರ ಕ್ಲಾಸಿನಲ್ಲಿ ನೋಡುವುದು ದೊಡ್ಡ ಗುಣವೇನೂ ಅಲ್ಲ, ದಿನದ ಕೆಲಸ. ಆಮೇಲಾಮೇಲೆ ಅಪ್ಪನೇ ನಾನು ಏಳುವ ಮೊದಲು ಕೊಟ್ಟಿಗೆ ಸುತ್ತಿ ಬರುತ್ತಿದ್ದರು. "ಇಲ್ದೆ ಓದ್ರೆ ಇವ್ಳು ಮೇಡಮ್ಮೋರ್ಗೆ ಚಾಡಿ ಯೋಳ್ತಾಳೆ" ಎಂದು ಅವ್ವನ ಹತ್ತಿರ ನಗುತ್ತಿದ್ದರು.

ಈಗ ಕೊಳ್ಳೇಗಾಲದ ಒಂದು ಶಾಲೆಯಲ್ಲಿ ನಾನೇ ಮಿಸ್ಸು. ದಯೆಯನ್ನು ಕಲಿಸಲು ಆಗುವುದಿಲ್ಲ, ಅದು ಹುಟ್ಟುಗುಣ ಅನ್ನುವವರ ಜೊತೆ ನಾನು ವಾದಕ್ಕೆ ಹೋಗುವುದಿಲ್ಲ. ಅವರು ನಮ್ಮ ಮಿಸ್ಸಿನ ಕ್ಲಾಸಿನಲ್ಲಿ ಕೂತವರಲ್ಲ. ನನ್ನ ಕ್ಲಾಸಿನ ಹಾಜರಿಯೂ ಹಾಗೆಯೇ ನಡೆಯುತ್ತದೆ.

ಮೊನ್ನೆ ಆ ಬೇವಿನೆಣ್ಣೆಯ ಬಸ್ಸಿಳಿದು ಶಾಲೆಗೆ ಹೋದ ದಿನವೇ ಹೊಸದಾಗಿ ಸೇರಿದ ಹುಡುಗಿಯ ಹೆಸರು ಕೂಗಿದೆ. ಎದ್ದು ನಿಂತು ಬೆರಳು ಹಿಸುಕಿಕೊಂಡಳು. "ನಮ್ಮನೇಲಿ ಏನೂ ಸಾಕಿಲ್ಲ ಮಿಸ್. ಅಜ್ಜಿ ಅವ್ರೆ. ಅಜ್ಜೀದ್ ಯೋಳ್ಬೋದಾ?"

ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಹೇಳು ಅಂದೆ.

"ಅಜ್ಜಿ ಇಡ್ಲೀನ ಸೆರಗಲ್ಲಿ ಮುಚ್ಚಿಟ್ಕಂಡ್ರು, ತಿನ್ನಕಾಗ್ನಿಲ್ಲ. ಯಾರೂ ನೋಡ್ನಿಲ್ಲ ಮಿಸ್. ನಾನ್ ನೋಡ್ದೆ."

ನಗು ನಿಂತಿತು. ಅವಳ ಹೆಸರಿನ ಮುಂದೆ ಹಾಜರಿ ಹಾಕಿದೆ. ಸಂಜೆ ಯಳಂದೂರಿನ ಬಸ್ಸು ಹತ್ತಿ ಇದನ್ನು ನಮ್ಮ ಮಿಸ್ಸಿಗೆ ಹೇಳಿಯೇ ಬರಬೇಕು ಅಂದುಕೊಂಡೆ. ಅವರು ತೀರಿಕೊಂಡು ವರ್ಷವಾಯಿತು ಅನ್ನುವುದು ಆಮೇಲೆ ನೆನಪಾಯಿತು.