ಹಸಿಯಾಗಿ ಹೋದ ಕಾಲು ಕಿಲೋ ಪುಡಿ

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷ ಇದೆ. ಕಾಫಿ ಪುಡಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದೇ ಬಲ್ಬು ಉರಿಯುತ್ತಿದೆ. ಗ್ಯಾಸಿನ ಉರಿಯ ಮೇಲೆ ಕಬ್ಬಿಣದ ಡ್ರಮ್ಮು ನಿಧಾನವಾಗಿ ತಿರುಗುತ್ತಿದೆ. ಅದರೊಳಗೆ ಐದು ಕಿಲೋ ಹಸಿ ಬೀಜ. ಪಕ್ಕದಲ್ಲಿ ನಿಂತ ಹೆಂಗಸು ತಲೆಯನ್ನು ಎಡಕ್ಕೆ ವಾಲಿಸಿ, ಎಡಗಿವಿಯನ್ನು ಡ್ರಮ್ಮಿನ ಬಾಯಿಗೆ ತಂದಿದ್ದಾರೆ. ಆ ಕಡೆಯ ಕೆನ್ನೆ ಬಿಸಿಗೆ ಕಂದಿದೆ. ಕಿವಿಯ ಮೇಲಿನ ಕೂದಲು ಸುಟ್ಟು ಮೊಟಕಾಗಿದೆ. ಮಾತಾಡಿಸಲು ಹೋದರೆ ಕೈ ಎತ್ತಿ ತಡೆಯುತ್ತಾರೆ.

ಹನ್ನೊಂದನೆಯ ನಿಮಿಷಕ್ಕೆ ಬೀಜ ಸಿಡಿಯಲು ಶುರುವಾಗುತ್ತದೆ. ಒಣಗಿದ ಕಡ್ಡಿಗಳನ್ನು ಯಾರೋ ಒಂದೊಂದಾಗಿ ಮುರಿದಂಥ ಸದ್ದು. ಆಮೇಲೆ ಸದ್ದು ನಿಲ್ಲುತ್ತದೆ. ಎರಡು ಮೂರು ನಿಮಿಷ ಏನೂ ಇಲ್ಲ, ಡ್ರಮ್ಮು ತಿರುಗುವುದು ಬಿಟ್ಟರೆ. ಆ ಬಿಡುವು ಮುಗಿದ ಮೇಲೆ ಎರಡನೆಯ ಸಿಡಿತ, ತೀರಾ ಸಣ್ಣದು, ಕಾಗದ ಮುದುರಿದ ಹಾಗೆ. ಅದು ಆರಂಭವಾದ ಕೂಡಲೇ ಬೀಜ ಹೊರಗೆ ಬರಬೇಕು. ಮುಂಚೆ ತೆಗೆದರೆ ಒಳಗೆ ಹಸಿ, ಕಾಫಿ ಹುಳಿ. ಒಂದು ನಿಮಿಷ ತಡವಾದರೆ ಕಹಿ.

"ಮೊದಲನೇದು ಕೇಳ್ತು," ಎನ್ನುತ್ತಾರೆ ಅವರು, ಕಣ್ಣು ತೆಗೆಯದೆ. "ಎರಡನೇದು ಈಗ ನಂಗೆ ಕೇಳಲ್ಲ."

ಸುತ್ತಲಿನ ನಾಲ್ಕು ಬೀದಿಗಳಿಗೆ ಇವರು ಹುರಿಯೋ ಅಕ್ಕ. ವಯಸ್ಸು ಐವತ್ತೆಂಟು. ಅದರಲ್ಲಿ ಮೂವತ್ತೊಂದು ವರ್ಷ ಈ ಡ್ರಮ್ಮಿನ ಮುಂದೆ ಹೋಗಿದೆ. ಮೊದಲು ಇಲ್ಲಿ ಹುರಿಯುತ್ತಿದ್ದದ್ದು ಅವರ ಗಂಡ. ಅವರಿಗೆ ಹೊಗೆಯ ಕೆಮ್ಮು ಹತ್ತಿ ಹಾಸಿಗೆ ಹಿಡಿದಾಗ, ಒಂದು ವಾರದ ಮಟ್ಟಿಗೆ ಅಂತ ಬಂದು ನಿಂತವರು ಅಕ್ಕ. "ವಾರ ಮುಗೀಲೇ ಇಲ್ಲ ನೋಡಿ," ಎನ್ನುತ್ತಾರೆ. ಗಂಡ ಹಾಸಿಗೆಯಲ್ಲಿದ್ದುಕೊಂಡೇ ಸಿಡಿತದ ಸದ್ದನ್ನು ಬಾಯಲ್ಲಿ ಮಾಡಿ ತೋರಿಸಿ ಕಲಿಸಿದರಂತೆ. ಆರು ತಿಂಗಳಿಗೆ ತೀರಿಕೊಂಡರು. ಅಷ್ಟು ಹೇಳಿ ಅಕ್ಕ ಉರಿಯ ಕಡೆ ಬಾಗುತ್ತಾರೆ.

ಬೆಳಗಿನ ಆರೂವರೆಯೊಳಗೆ ನಾಲ್ಕು ಸಲ ಹುರಿಯುತ್ತಾರೆ. ಇಪ್ಪತ್ತು ಕಿಲೋ ಹಸಿ ಬೀಜ ಹೋಗಿ ಹದಿನಾರೂವರೆ ಕಿಲೋ ಆಗಿ ಬರುತ್ತದೆ. ಉಳಿದದ್ದು ನೀರು, ಹೊಗೆ, ಸಿಪ್ಪೆ. ಆರೂವರೆಗೆ ಗೋಡೆಯಾಚೆಯ ಗಿರಣಿ ಶುರುವಾಗುತ್ತದೆ. ಡ್ರಮ್ಮಿಗೂ ಗಿರಣಿಗೂ ನಡುವೆ ಆರಡಿ. ದಿನಕ್ಕೆ ಎಂಟು ಗಂಟೆಯ ಆ ಅಬ್ಬರ ಮೂವತ್ತೊಂದು ವರ್ಷ ತಿಂದದ್ದು ಅಕ್ಕನ ಕಿವಿಯನ್ನು. ಬಲಗಿವಿ ಪೂರ್ತಿ ಹೋಗಿದೆ. ಎಡಗಿವಿಗೆ ದಪ್ಪ ಸದ್ದುಗಳು ಉಳಿದಿವೆ, ಅದೂ ಸುತ್ತಲೂ ಏನೂ ಅಲುಗಾಡದಿದ್ದಾಗ. ನಾಲ್ಕು ಸಲದ ಹುರಿತವನ್ನೂ ಬೀದಿ ಏಳುವ ಮುಂಚೆ ಮುಗಿಸುವುದು ಅದಕ್ಕೇ.

"ಕಿವುಡರಿಗೆ ಎಲ್ಲಾ ನಿಶ್ಶಬ್ದ ಅಂದ್ಕೊಂಡಿದ್ದಾರೆ ಜನ. ನಂಗೆ ಹೋಗಿದ್ದೇ ನಿಶ್ಶಬ್ದ. ಒಳಗೆ ಒಂದು ಗಿರಣಿ ಓಡ್ತಾನೇ ಇರುತ್ತೆ. ಮಲಗಿದ್ರೂ ನಿಲ್ಲಲ್ಲ," ಎನ್ನುತ್ತಾರೆ.

ಗಿರಣಿ ನಡೆಸುವಾತನಿಗೆ ದಪ್ಪ ಮೀಸೆ, ಹರಕು ಬಾಯಿ. ಒಳಗೆ ಬರುತ್ತಲೇ ಅಕ್ಕನ ಎದುರು ನಿಂತು, ತುಟಿ ಕಾಣುವಂತೆ ಹೇಳುತ್ತಾನೆ: "ಅಕ್ಕ, ನಿಮ್ಮನ್ನ ಬೈಯೋದು ಎಷ್ಟು ಸಲೀಸು ಗೊತ್ತಾ? ಬೆನ್ನು ತಿರುಗಿಸಿದ್ರೆ ಸಾಕು."

"ಎದುರಿಗೇ ಬೈಯಿ. ಆ ಪೊದೆ ಒಂದು ಬೋಳಿಸ್ಕೊಂಡು ಬಾ. ಅರ್ಧ ಬೈಗುಳ ಅದರೊಳಗೇ ಸಿಕ್ಕಾಕ್ಕೊಳ್ಳುತ್ತೆ."

ಇಬ್ಬರೂ ನಗುತ್ತಾರೆ. ಅಕ್ಕನ ನಗು ಬೇಗ ಮುಗಿಯುತ್ತದೆ.

ಅಂಗಡಿ ತೆರೆದ ಮೇಲೆ ಅಕ್ಕ ಕಟ್ಟೆಯ ಹತ್ತಿರ ಬಂದು ಕೂರುತ್ತಾರೆ. ದಿನಕ್ಕೆ ಅರವತ್ತು ಎಪ್ಪತ್ತು ಜನ ಬರುತ್ತಾರೆ, ಹೆಚ್ಚಿನವರು ಕಾಲು ಕಿಲೋದವರು. ಅರ್ಧ ಕಿಲೋ ಕೇಳಿದರೆ ಅಕ್ಕನೇ ತಡೆಯುತ್ತಾರೆ. "ವಾರಕ್ಕೆ ಆಗೋಷ್ಟು ತಗೊಳ್ಳಿ. ಕಾಫಿ ಪುಡಿ ನೆಂಟರ ಥರ. ಒಂದು ವಾರ ಚೆಂದ, ಆಮೇಲೆ ಮುಖ ಬಾಡುತ್ತೆ." ಫ್ರಿಜ್ಜಿನಲ್ಲಿ ಇಡುತ್ತೇವೆ ಎಂದವರಿಗೆ, "ಹಾಗಾದ್ರೆ ಈರುಳ್ಳಿ ಕಾಫಿ ಕುಡೀರಿ" ಎನ್ನುತ್ತಾರೆ. ಒದ್ದೆ ಚಮಚ ಹಾಕಬೇಡಿ, ಒಲೆಯ ಪಕ್ಕ ಡಬ್ಬಿ ಇಡಬೇಡಿ, ಕುದಿಯುವ ನೀರನ್ನು ಕೆಳಗಿಳಿಸಿ ಅರ್ಧ ನಿಮಿಷ ಬಿಟ್ಟು ಹಾಕಿ, ಪುಡಿಯನ್ನು ಒತ್ತಬೇಡಿ, ಡಿಕಾಕ್ಷನ್ ಇಳಿಯುವಾಗ ಫಿಲ್ಟರನ್ನು ಕುಟ್ಟಬೇಡಿ. ಹೀಗೆ ಹೇಳಿ ಹೇಳಿ, ಈ ಬೀದಿಗಳಲ್ಲಿ ಕಾಫಿ ಕೆಟ್ಟರೆ ತಪ್ಪು ಮನೆಯಲ್ಲೇ ಆಗಿರಬೇಕು ಎಂದು ಜನ ನಂಬಿದ್ದಾರೆ. ಹುರಿಯೋ ಅಕ್ಕನ ಕೈ ತಪ್ಪುವುದಿಲ್ಲ.

ಈ ನಂಬಿಕೆಯೇ ಈಗ ಅಕ್ಕನ ಎದೆಯ ಮೇಲೆ ಕೂತಿದೆ.

ಎರಡು ತಿಂಗಳ ಹಿಂದಿನ ಒಂದು ಬೆಳಗ್ಗೆ, ಮೂರನೆಯ ಹುರಿತ. ಮೊದಲ ಸಿಡಿತ ಮುಗಿಯಿತು. ಅಕ್ಕ ಕಿವಿ ಒಡ್ಡಿ ನಿಂತಿದ್ದರು. ಆಗಲೇ ಎರಡನೆಯ ಸಿಡಿತ ಸಣ್ಣಗೆ ಕಿವಿಗೆ ಬಿತ್ತು. ಎಷ್ಟೋ ವಾರಗಳಿಂದ ಹೊತ್ತಿನ ಅಂದಾಜಿನ ಮೇಲೆ ಹುರಿಯುತ್ತಿದ್ದವರಿಗೆ ಅಂದು ಅದು ಸ್ಪಷ್ಟವಾಗಿ ಕೇಳಿಸಿತ್ತು. "ಖುಷಿಯಾಗೋಯ್ತು. ಕಿವಿ ವಾಪಸ್ ಬಂತು ಅಂದ್ಕೊಂಡೆ," ಎನ್ನುತ್ತಾರೆ. ತಕ್ಷಣ ಉರಿ ಆರಿಸಿ, ಬೀಜವನ್ನು ತಟ್ಟೆಗೆ ಸುರಿದು ಆರಿಸಿದರು. ಆಮೇಲೆ ಬಾಗಿಲು ತೆರೆದರೆ ಅಂಗಳ ಒದ್ದೆ. ತಗಡಿನ ಮಾಡಿನ ಮೇಲೆ ತುಂತುರು ಮಳೆ ಬೀಳುತ್ತಿತ್ತು. ಅವರಿಗೆ ಕೇಳಿಸಿದ್ದು ಅದು.

ಬಣ್ಣ ನೋಡಿದ್ದರೆ ಗೊತ್ತಾಗುತ್ತಿರಲಿಲ್ಲವೇ? ಈ ಪ್ರಶ್ನೆಗೆ ಅವರು ಎಡಗಿವಿಯನ್ನು ಮುಟ್ಟಿ ತೋರಿಸುತ್ತಾರೆ. "ಕಿವಿ ಹೇಳಿದ ಮೇಲೆ ಕಣ್ಣನ್ನ ಕೇಳೋ ಅಭ್ಯಾಸ ಇಲ್ಲ ನಂಗೆ."

ಬೆಳಕಾದ ಮೇಲೆ ನೋಡಿದರೆ ಬೀಜ ಮಾಸಲು ಕಂದು. ಒಮ್ಮೆ ಆರಿದ್ದನ್ನು ಮತ್ತೆ ಹುರಿದರೆ ರುಚಿ ಸತ್ತಂತೆ. ಚೆಲ್ಲಬೇಕಿತ್ತು. ಚೆಲ್ಲಿದರೆ ಯಾಕೆ ಎಂದು ಹೇಳಬೇಕಿತ್ತು. ಕಿವಿಯ ವಿಷಯವನ್ನು ಅಕ್ಕ ಒಂದು ವರ್ಷದಿಂದ ಅಂಗಡಿಯ ಯಜಮಾನರಿಂದ ಮುಚ್ಚಿಟ್ಟಿದ್ದರು. ಕಿವಿ ಮಂದ ಎಂದು ಎಲ್ಲರಿಗೂ ಗೊತ್ತಿತ್ತು, ಬೀಜದ ಎರಡನೆಯ ಸಿಡಿತವೇ ಕೇಳುತ್ತಿಲ್ಲ ಎಂದು ಯಾರಿಗೂ ಗೊತ್ತಿರಲಿಲ್ಲ. ಆ ನಾಲ್ಕು ಕಿಲೋವನ್ನು ಅವರು ಗಿರಣಿಗೆ ಕಳಿಸಿದರು. ಅದು ಹದಿನಾರು ಮನೆಗಳಿಗೆ ಹೋಯಿತು.

ಯಾರೂ ಅಂಗಡಿಯನ್ನು ದೂರಲಿಲ್ಲ. ಒಬ್ಬರು ಹಾಲು ಬದಲಾಯಿಸಿದರು. ಇನ್ನೊಬ್ಬರು ಕೊಳಾಯಿ ನೀರನ್ನು ಬೈದರು. ಒಬ್ಬ ಹೆಂಗಸು ಬೆಳಗಿನ ಕಾಫಿ ಮಾಡುವ ತನ್ನ ಗಂಡನಿಗೆ ಮಂಗಳಾರತಿ ಮಾಡಿದ್ದಾಗಿ ಕಟ್ಟೆಯ ಮುಂದೆ ನಿಂತು ನಗುತ್ತಾ ಹೇಳಿದಳು. ನಾಲ್ಕನೆಯ ದಿನ ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಡಬ್ಬಿ ಹಿಡಿದುಕೊಂಡು ಬಂದಳು. ಹಿಂದಿನ ಬೀದಿಯ ಮನೆಯ ಸೊಸೆ. ಆ ಮನೆಗೆ ಬಂದು ಮೂರು ತಿಂಗಳಾಗಿತ್ತು.

"ಅಕ್ಕ, ನಾನೇನು ತಪ್ಪು ಮಾಡ್ತಿದೀನಿ ಹೇಳ್ತೀರಾ?" ಎಂದಳು. "ನನ್ನ ಕೈಗುಣಾನೇ ಸರಿಯಿಲ್ಲ ಅಂತಾರೆ ಅತ್ತೆ. ಲೋಟ ಹಾಗೇ ಸಿಂಕಿಗೆ ಚೆಲ್ತಾರೆ, ಎಲ್ಲರೆದುರಿಗೂ."

ಅಕ್ಕ ಡಬ್ಬಿಯ ಮುಚ್ಚಳ ತೆಗೆದು ಮೂಸಿದರು. ಮೂಗು ನೆಟ್ಟಗಿದೆ, ಅದಕ್ಕೆ ಎಲ್ಲ ತಿಳಿಯಿತು. ಆದರೆ ಬಾಯಿ ಬೇರೆಯೇ ಹೇಳಿತು. ಒದ್ದೆ ಚಮಚ ಹಾಕ್ತೀಯಾ? ಇಲ್ಲ ಅಕ್ಕ. ನೀರು ಕುದಿಯುವಾಗಲೇ ಹಾಕ್ತೀಯಾ? ಇಲ್ಲ, ಇಳಿಸಿ ಬಿಟ್ಟು ಹಾಕ್ತೀನಿ. ಪುಡಿ ಒತ್ತುತ್ತೀಯಾ? ನೀವೇ ಬೇಡ ಅಂದಿದ್ರಲ್ಲ ಅಕ್ಕ.

"ಎಲ್ಲಾ ಸರಿಯಾಗೇ ಮಾಡ್ತಿದ್ಲು," ಎನ್ನುತ್ತಾರೆ ಅಕ್ಕ. "ಅವಳು ಸರಿ ಅಂದಷ್ಟೂ ನಾನು ಹೊಸ ತಪ್ಪು ಹುಡುಕಿದೆ. ಕೊನೆಗೆ ಕೇಳಿದೆ, ಪುಡಿ ತೆಗೆಯುವಾಗ ಡಬ್ಬಿ ಎಷ್ಟೊತ್ತು ತೆರೆದಿಡ್ತೀಯ ಅಂತ. ಒಂದೆರಡು ನಿಮಿಷ ಇರಬಹುದು ಅಂದ್ಲು. 'ಹಾಂ, ಅದೇ!' ಅಂದೆ. ಎರಡು ನಿಮಿಷಕ್ಕೆ ಯಾವ ಪುಡಿ ಕೆಡುತ್ತೆ ಹೇಳಿ? ಅವಳು ಮಾತ್ರ ಅಷ್ಟು ಖುಷಿಪಟ್ಲು. ತಪ್ಪು ಸಿಕ್ತಲ್ಲ ಅಂತ."

ಹಳೆಯ ಪುಡಿಯನ್ನು ಇಟ್ಟುಕೊಂಡು, ಅಂದು ಹುರಿದ ಬೀಜದ ಕಾಲು ಕಿಲೋ ಪುಡಿಯನ್ನು ಅಕ್ಕ ಡಬ್ಬಿಗೆ ತುಂಬಿಕೊಟ್ಟರು. ಅಲ್ಲಿಗೆ ಸರಿಹೋಯಿತು ಎಂದುಕೊಂಡರು. ಆದರೆ ಆಗಿದ್ದು ಬೇರೆ. ಮರುದಿನದ ಕಾಫಿ ಚೆನ್ನಾಗಿತ್ತು, ಚೆನ್ನಾಗಿದ್ದದ್ದೇ ಹುಡುಗಿಯ ತಪ್ಪಿಗೆ ಸಾಕ್ಷಿಯಾಯಿತು. ಮುಂದಿನ ಶನಿವಾರ ಅತ್ತೆ ಸೊಸೆ ಇಬ್ಬರೂ ಅಂಗಡಿಗೆ ಬಂದರು. "ಡಬ್ಬಿ ಮುಚ್ಚೋಕೂ ಬರಲ್ಲ ನಮ್ಮ ಮಹಾರಾಣಿಗೆ. ಅಂಗಡಿಯವರು ಹೇಳ್ಕೊಡಬೇಕಾಯ್ತು," ಎಂದು ಅತ್ತೆ ಹತ್ತು ಜನರ ಮುಂದೆ ಹೇಳಿದರು. ಜನ ನಕ್ಕರು. ಹುಡುಗಿಯೂ ತಲೆ ತಗ್ಗಿಸಿಕೊಂಡು ನಕ್ಕಳು. ಅವತ್ತಿನಿಂದ ಕಾಫಿ ಡಬ್ಬಿ ಅತ್ತೆಯ ಕೋಣೆಯ ಬೀರುವಿನಲ್ಲಿ. ಬೆಳಗ್ಗೆ ಅತ್ತೆಯೇ ಪುಡಿ ಅಳೆದು ಕೊಡುತ್ತಾರೆ.

"ಅಷ್ಟು ಜೋರಾಗಿ ಹೇಳಿದ್ರು, ನಂಗೂ ಕೇಳ್ತು," ಎನ್ನುತ್ತಾರೆ ಅಕ್ಕ. "ಅವತ್ತು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ."

ಮೂರು ವಾರದ ಹಿಂದೆ ಅವರು ಯಜಮಾನರಿಗೆ ಎಲ್ಲವನ್ನೂ ಹೇಳಿದರು. ಯಜಮಾನರು ವಯಸ್ಸಿನಲ್ಲಿ ಚಿಕ್ಕವರು. ಅಪ್ಪನ ಕಾಲದಿಂದಲೂ ಇರುವ ಅಕ್ಕನನ್ನು ಎಂದೂ ಏಕವಚನದಲ್ಲಿ ಕರೆದವರಲ್ಲ. "ಅಕ್ಕ, ಆಗಿದ್ದು ಆಗೋಯ್ತು. ಇದನ್ನ ಇಲ್ಲಿಗೇ ಬಿಟ್ಟುಬಿಡಿ. ನಿಮ್ಮ ಹೆಸರೂ ಉಳೀಲಿ, ಅಂಗಡಿ ಹೆಸರೂ ಉಳೀಲಿ," ಎಂದರು. ವಾರದೊಳಗೆ ಹುರಿಯುವ ಹೊಸ ಯಂತ್ರ ತರಿಸಲು ಹೇಳಿದರು. ಒಂದನೇ ತಾರೀಖು ಅದು ಬರುತ್ತದೆ. ಡ್ರಮ್ಮು ಗುಜರಿಗೆ, ಅಕ್ಕ ಮನೆಗೆ. ಹುರಿತ ಮುಗಿದಾಗ ಯಂತ್ರ ತಾನೇ ಕೂಗುತ್ತದಂತೆ. "ಕೂಗಿದ್ರೆ ನಂಗೇನು ಪ್ರಯೋಜನ? ನಂಗಿಂತ ದೊಡ್ಡ ಕಿವುಡಿ ಅದು, ಬೀಜ ಏನನ್ನುತ್ತೆ ಅಂತ ಕೇಳಿಸ್ಕೊಳ್ಳಲ್ಲ," ಎನ್ನುತ್ತಾರೆ ಅಕ್ಕ.

ಉಳಿದಿರುವುದು ಒಂಬತ್ತು ಬೆಳಗು. ಮೊದಲ ಸಿಡಿತ ಕೇಳಿದ ಮೇಲೆ ಈಗ ಅವರು ಕಣ್ಣಿನಿಂದ ಹುರಿಯುತ್ತಾರೆ. ಬಿಳಿ ಬಟ್ಟಲಿನಲ್ಲಿ ಹದವಾಗಿ ಹುರಿದ ಹಿಡಿ ಬೀಜ ಇಟ್ಟುಕೊಂಡು, ಅರ್ಧರ್ಧ ನಿಮಿಷಕ್ಕೆ ಡ್ರಮ್ಮಿನಿಂದ ನಾಲ್ಕು ಬೀಜ ತೆಗೆದು, ಟಾರ್ಚಿನ ಬೆಳಕಿನಲ್ಲಿ ಹೋಲಿಸುತ್ತಾರೆ. "ಬೇರೆಯವರ ಚಪ್ಪಲಿ ಮೆಟ್ಟಿಕೊಂಡು ನಡೆದ ಹಾಗಿದೆ," ಎನ್ನುತ್ತಾರೆ. ಒಂದನೇ ತಾರೀಖಿನ ನಂತರ ಅವರ ಹಗಲೂ ಮನೆಯಲ್ಲೇ. ಹೊಲಿಗೆ ಮಾಡುವ ತಂಗಿಯ ಜೊತೆ ಎರಡು ಕೋಣೆಯ ಮನೆಯಲ್ಲಿದ್ದಾರೆ. ಹಗಲೆಲ್ಲಾ ಅಲ್ಲಿ ಹೊಲಿಗೆ ಯಂತ್ರ ಓಡುತ್ತದೆ, ಅಕ್ಕನಿಗೆ ಅದು ಕೇಳುವುದಿಲ್ಲ, ನೆಲ ಅದುರುವುದಷ್ಟೇ ಗೊತ್ತಾಗುತ್ತದೆ.

ಕಳೆದ ಶನಿವಾರ ಅತ್ತೆ ಸೊಸೆ ಮತ್ತೆ ಬಂದಾಗ, ಅಕ್ಕ ಕಟ್ಟೆಯಿಂದ ಎದ್ದು ಹೊರಗೆ ಬಂದರು. ಆಮೇಲೆ ನಡೆದದ್ದನ್ನು ಗಿರಣಿಯಾತ ನಿಂತು ನೋಡಿದ್ದಾನೆ.

"ಅಮ್ಮ, ಅವತ್ತಿನ ಪುಡಿ ಹಸಿಯಾಗಿತ್ತು. ತಪ್ಪು ನಂದು. ಈ ಮಗೂದಲ್ಲ," ಎಂದರು ಅಕ್ಕ.

ಅತ್ತೆ ಅಕ್ಕನ ಕೈ ಹಿಡಿದುಕೊಂಡು ನಕ್ಕರು. "ಎಷ್ಟು ಒಳ್ಳೆಯವರಪ್ಪ ನೀವು! ಇವಳ ಮಾನ ಉಳಿಸೋಕೆ ನಿಮ್ಮ ಮೇಲೆ ಹಾಕ್ಕೋತೀರಾ? ಮೂವತ್ತು ವರ್ಷದ ಕೈ ನಿಮ್ಮದು, ತಪ್ಪುತ್ತಾ?" ಆಮೇಲೆ ಸೊಸೆಯ ಕಡೆ ತಿರುಗಿದರು. "ನೋಡಿ ಕಲಿ. ಹಿರಿಯರು ಅಂದ್ರೆ ಹೀಗಿರಬೇಕು."

ಹುಡುಗಿ ಅಕ್ಕನ ಮುಖ ನೋಡಿದಳು. ಏನೋ ಹೇಳಿದಳು, ತುಟಿ ಹೆಚ್ಚು ಅಲುಗಲಿಲ್ಲ. ಅಕ್ಕ ಎಡಗಿವಿ ತಂದು "ಏನಮ್ಮಾ?" ಎಂದರು. ಅಷ್ಟರಲ್ಲಿ ಅತ್ತೆ ಆಚೆ ಹೊರಟಾಗಿತ್ತು, ಹುಡುಗಿ ಹಿಂದೆ ಹೋದಳು. ಗಿರಣಿ ಓಡುತ್ತಿದ್ದುದರಿಂದ ಅವಳು ಹೇಳಿದ್ದು ಬೇರೆ ಯಾರಿಗೂ ಕೇಳಿಲ್ಲ. ಬೈದಳೋ, ಬಿಡಿ ಅಕ್ಕ ಎಂದಳೋ, ಅಕ್ಕನಿಗೆ ಗೊತ್ತಿಲ್ಲ. ಈ ವಾರವೆಲ್ಲ ಆ ತುಟಿಯನ್ನು ನೆನೆಸಿಕೊಂಡು ಓದಲು ನೋಡಿದ್ದಾರೆ.

ಅಕ್ಕ ಹೊರಡುವ ಮುಂಚೆ ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಅಚ್ಚಾಗಲಿ ಎಂದು ಪತ್ರಿಕೆಗೆ ಹೇಳಿಕಳಿಸಿದ್ದು ಯಜಮಾನರೇ. ಡ್ರಮ್ಮಿನ ಪಕ್ಕ ನಿಲ್ಲಿಸಿ ಫೋಟೋ ಕೂಡ ತೆಗೆಸಿದ್ದಾರೆ. ಮಳೆಯ ದಿನದ ಕಥೆಯೂ ಬರಬೇಕೆಂದು ಅಕ್ಕ ಹಟ ಹಿಡಿದಾಗ ಅವರ ಮುಖ ಸಣ್ಣದಾಗುತ್ತದೆ. "ಮೂವತ್ತೊಂದು ವರ್ಷದಲ್ಲಿ ಒಂದು ದಿನ, ಅಕ್ಕ. ಅದನ್ನೇ ಯಾಕೆ?" ಎನ್ನುತ್ತಾರೆ. ಅಕ್ಕ ಅವರ ತುಟಿಯನ್ನು ಓದುತ್ತಾರೆ. ಅವರು ಆಚೆ ಹೋಗುವವರೆಗೆ ಕಾದು, ತಟ್ಟೆಯಲ್ಲಿ ಆರುತ್ತಿರುವ ಬೀಜವನ್ನು ಕೈಯಲ್ಲಿ ಹರಡುತ್ತಾ ಹೇಳುತ್ತಾರೆ:

"ಬಾಯಲ್ಲಿ ಹೇಳಿದ್ದನ್ನ ಆಯಮ್ಮ ನಂಬಲಿಲ್ಲ. ಪೇಪರಲ್ಲಿ ಬಂದ್ರೆ ನಂಬ್ತಾರೇನೋ. ಆ ಕಾಲು ಕಿಲೋ ಹಸಿಯಾಗಿತ್ತು, ಹುರಿದವಳು ನಾನು ಅಂತ ಬರೀರಿ. ನನ್ನನ್ನ ಮಾತ್ರ ಹೊಗಳಬೇಡಿ. ಹೊಗಳಿದ್ರೆ ಮತ್ತೆ ನಂಬಲ್ಲ ಅವರು."